ಖಾತೆಗೆ ಬಂದಷ್ಟೇ ಆದಾಯವೇ?

ಬಳಗದ ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಆ್ಯಪ್‌ನಲ್ಲಿ ಡೆಲಿವರಿ ಮಾಡುತ್ತ, ಹಗಲಿನಲ್ಲಿ ಕಂಪನಿಗಳಿಗೆ ಡಿಸೈನ್ ಮಾಡಿಕೊಡುವ ನಮ್ಮ ಅಕ್ಕನ ಮಗ ನಿನ್ನೆ ಇಲ್ಲಿ ಎರಡು ಪ್ರಶ್ನೆ ಕೇಳಿದ್ದ. ಬ್ಯಾಂಕಿಗೆ ಬಂದ ಹಣಕ್ಕಷ್ಟೇ ತೆರಿಗೆ ತಾನೇ? ಹಣ ಕೊಡುವವರೇ ತೆರಿಗೆ ಹಿಡಿದುಕೊಂಡಿದ್ದರೆ ಮತ್ತೆ ರಿಟರ್ನ್ ಏಕೆ ಸಲ್ಲಿಸಬೇಕು? ಅದಕ್ಕೆ ದೊಡ್ಡಪ್ಪನವರು, ಇಷ್ಟು ಸಣ್ಣ ಮೊತ್ತವನ್ನು ಯಾರೂ ಕೇಳುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡ ಎಂದಿದ್ದಾರೆ. ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ದುಡ್ಡು ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ ಆ ಮಾತು ನಡೆದುಹೋಗುತ್ತಿತ್ತು, ಈಗ ನಡೆಯುವುದಿಲ್ಲ. ಬಳಗದವರು ಬೇರೆ ಬೇರೆ ದೇಶಗಳಲ್ಲಿ ಇದೇ ಬಗೆಯ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬಿಡುವು ಮಾಡಿಕೊಂಡು ಕೇಳಿ.

ಮೊದಲ ಪ್ರಶ್ನೆಯಲ್ಲಿಯೇ ಹೆಚ್ಚಿನವರು ಎಡವುವುದು. ಆ್ಯಪ್‌ನಲ್ಲಿ ಬರುವ ವಾರದ ಸ್ಟೇಟ್‌ಮೆಂಟನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದು. ನಿನ್ನ ಲೆಕ್ಕಕ್ಕೆ ಸೇರಿದ ಒಟ್ಟು ಗಳಿಕೆ 10,000 ಎಂದಿಟ್ಟುಕೊಳ್ಳೋಣ. ಅದರಲ್ಲಿ ಕಮಿಷನ್ 2,000, ಸೇವಾ ಶುಲ್ಕ 500 ಮುರಿದುಕೊಂಡು ಖಾತೆಗೆ 7,500 ಹಾಕಿರುತ್ತಾರೆ. ನಿನ್ನ ಕಣ್ಣಿಗೆ ಕಾಣುವುದು ಆ ಕೊನೆಯ ಸಾಲು ಮಾತ್ರ. ಆದರೆ ಹಣ ಪಾವತಿಸುವ ಕಂಪನಿಗಳು ಕಳುಹಿಸುವ ಅಮೆರಿಕದ 1099-ಕೆ ನಮೂನೆಯಂಥ ವರದಿಯಲ್ಲಿ ತೆರಿಗೆ ಇಲಾಖೆಗೆ ತಲಪುವುದು ಕಡಿತಕ್ಕೆ ಮುಂಚಿನ ಒಟ್ಟು ಮೊತ್ತ. ಯುರೋಪಿನ ವರದಿಯಲ್ಲಿ ಕಮಿಷನ್ನನ್ನು ಬೇರೆಯಾಗಿ ಕಾಣಿಸುತ್ತಾರೆ. ನೀನು 7,500 ಎಂದಷ್ಟೇ ಬರೆದು ಅವರ ಬಳಿ 10,000 ಎಂದಿದ್ದರೆ, ತಪ್ಪು ಮಾಡದೆಯೂ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ. ಹಾಗೆಂದು ಹೆದರಿ 10,000 ಬರೆದು 2,500ನ್ನು ಖರ್ಚಿನಲ್ಲಿ ತೋರಿಸುವುದನ್ನು ಮರೆತರೆ, ಕೈಗೇ ಬಾರದ ಹಣಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಆದ್ದರಿಂದ ಒಟ್ಟು ಗಳಿಕೆ, ಕಡಿತ, ಜಮಾ ಈ ಮೂರನ್ನೂ ವಾರವಾರವೂ ಬೇರೆ ಬೇರೆಯಾಗಿ ಬರೆದಿಡಬೇಕು. ಸ್ಟೇಟ್‌ಮೆಂಟನ್ನು ಆಗಲೇ ಇಳಿಸಿಕೊಂಡು ಇಡುವುದು ಒಳ್ಳೆಯದು, ಏಕೆಂದರೆ ಆ್ಯಪ್ ಬಿಟ್ಟ ಮೇಲೆ ಹಳೆಯ ಲೆಕ್ಕ ಸಿಗುತ್ತದೆ ಎಂಬ ಭರವಸೆಯಿಲ್ಲ.

ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಭಾರತದಲ್ಲಿ ವೃತ್ತಿಪರ ಸೇವೆಯ ಬಿಲ್ಲಿಗೆ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. 50,000 ರೂಪಾಯಿಯ ಬಿಲ್ಲಿಗೆ 45,000 ಬಂದರೆ ನಿನ್ನ ಆದಾಯ 50,000ವೇ; ಉಳಿದ 5,000 ಖರ್ಚಲ್ಲ, ನಿನ್ನ ಹೆಸರಿನಲ್ಲಿ ಸರ್ಕಾರದ ಬಳಿ ಮೊದಲೇ ಜಮೆಯಾಗಿರುವ ಹಣ. ವರ್ಷದ ಕೊನೆಯಲ್ಲಿ ನಿನ್ನ ನಿಜವಾದ ತೆರಿಗೆ ಅದಕ್ಕಿಂತ ಹೆಚ್ಚಾದರೆ ಬಾಕಿ ಕಟ್ಟಬೇಕು, ಕಡಿಮೆಯಾದರೆ ರಿಟರ್ನ್ ಸಲ್ಲಿಸಿಯೇ ವಾಪಸ್ ಪಡೆಯಬೇಕು. ಹೀಗೆ ಬಿಡಿ ಕೆಲಸ (ಗಿಗ್) ಮಾಡುವ ಎಷ್ಟೋ ಹುಡುಗರು, ತೆರಿಗೆ ಹಿಡಿದಾಯಿತಲ್ಲ ಎಂದುಕೊಂಡು, ತಮಗೇ ಬರಬೇಕಾದ ಹಣವನ್ನು ಕೇಳದೆ ಬಿಡುತ್ತಾರೆ. ನನಗೆ ಅತಿ ಬೇಸರ ತರಿಸುವುದು ಇದು.

ದೊಡ್ಡಪ್ಪನವರ ಮಾತಿಗೆ ಬರುತ್ತೇನೆ. ಆ್ಯಪ್ ನಡೆಸುವವರು ಅದರಲ್ಲಿ ದುಡಿಯುವವರ ಗಳಿಕೆಯನ್ನು ತೆರಿಗೆ ಇಲಾಖೆಗೆ ತಿಳಿಸಬೇಕೆಂಬ ಮಾದರಿ ನಿಯಮಗಳನ್ನು ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2020ರಲ್ಲಿ ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಜನವರಿಯಿಂದ, ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಆ ಬಗೆಯ ನಿಯಮ ಜಾರಿಯಲ್ಲಿದೆ. ಸಣ್ಣ ಪ್ರಮಾಣದಲ್ಲಿ ವಸ್ತು ಮಾರುವವರನ್ನು ವರದಿಯಿಂದ ಬಿಟ್ಟಿದ್ದಾರೆ, ಆದರೆ ಆ ರಿಯಾಯಿತಿ ಡೆಲಿವರಿಯಂಥ ಸೇವೆಗೆ ಅನ್ವಯಿಸುವುದಿಲ್ಲ. ಇನ್ನೊಂದು ಮಾತು: ವರದಿ ಮಾಡದಷ್ಟು ಸಣ್ಣ ಮೊತ್ತ ಎಂದಾಕ್ಷಣ ಅದು ತೆರಿಗೆಯಿಲ್ಲದ ಮೊತ್ತ ಎಂದಾಗುವುದಿಲ್ಲ. ಅಮೆರಿಕದಲ್ಲಿ ಯಾವ ನಮೂನೆಯೂ ಕೈಗೆ ಬಾರದಿದ್ದರೂ, ಸ್ವಂತ ದುಡಿಮೆಯ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ರಿಟರ್ನ್ ಸಲ್ಲಿಸಬೇಕು. ಬ್ರಿಟನ್ನಿನಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗೆ ವಿನಾಯಿತಿ ಇದೆ, ಅದನ್ನು ಅಳೆಯುವುದು ಖರ್ಚು ಕಳೆಯುವ ಮುಂಚಿನ ಗಳಿಕೆಯ ಮೇಲೆ.

ನೌಕರಿಯಲ್ಲಿದ್ದವರಿಗೆ ತಿಳಿಯದ ಹೊರೆ ಒಂದಿದೆ. ಸಂಬಳ ಕೊಡುವವರು ತಿಂಗಳು ತಿಂಗಳೂ ತೆರಿಗೆ ಹಿಡಿಯುತ್ತಿದ್ದರು. ಇಲ್ಲಿ ಆ ಕೆಲಸವನ್ನು ನೀನೇ ಮಾಡಬೇಕು, ಅದೂ ವರ್ಷ ಮುಗಿಯುವವರೆಗೆ ಕಾಯದೆ. ಭಾರತದಲ್ಲಿ ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡ ತೆರಿಗೆಯ ಕಂತು ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಅಮೆರಿಕದಲ್ಲಿಯೂ ನಾಲ್ಕು ಕಂತು. ಅದರ ಮೇಲೆ, ನೌಕರಿಯಲ್ಲಿ ಮಾಲೀಕರು ಭರಿಸುತ್ತಿದ್ದ ಅರ್ಧ ಪಾಲೂ ಸೇರಿ ಪಿಂಚಣಿಯಂಥ ಸಾಮಾಜಿಕ ಭದ್ರತೆ ಮತ್ತು ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ 15.3 ಹೋಗುತ್ತದೆ. ಬ್ರಿಟನ್ನಿನಲ್ಲಿ ಮೊದಲ ಸಲ ಕಟ್ಟುವವರು ಬೆಚ್ಚಿಬೀಳುವುದು ಜನವರಿ 31ರಂದು: ಹಿಂದಿನ ವರ್ಷದ ಪೂರ್ತಿ ತೆರಿಗೆಯ ಜೊತೆಗೆ ನಡೆಯುತ್ತಿರುವ ವರ್ಷಕ್ಕೆಂದು ಅದರ ಅರ್ಧದಷ್ಟನ್ನು ಒಟ್ಟಿಗೇ ಕೇಳುತ್ತಾರೆ, ಇನ್ನರ್ಧ ಜುಲೈ 31ಕ್ಕೆ. ತೀರ ಸಣ್ಣ ಬಿಲ್ಲಿಗೆ ಈ ಮುಂಗಡ ಇಲ್ಲ. ಆದ್ದರಿಂದ ಹಣ ಬಂದ ದಿನವೇ ಅದರ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿಬಿಡಬೇಕು. ಮೊದಲ ವರ್ಷ ನಾಲ್ಕನೆಯ ಒಂದು ಪಾಲು ತೆಗೆದಿಡು, ನಿಜವಾದ ಲೆಕ್ಕ ಬಂದ ಮೇಲೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಖರ್ಚಿನ ವಿಷಯದಲ್ಲಿ ಗಾಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ಆ್ಯಪ್ ತೋರಿಸುವ ದೂರದಲ್ಲಿ ಅನೇಕ ವೇಳೆ ಆರ್ಡರ್ ಹಿಡಿದು ಓಡಿದ ದೂರವಷ್ಟೇ ಇರುತ್ತದೆ. ಒಂದು ಆರ್ಡರ್ ಮುಟ್ಟಿಸಿ ಮುಂದಿನದಕ್ಕೆ ಹೋಗುವ ಖಾಲಿ ಓಟವೂ ಕೆಲಸದ ಓಟವೇ. ದಿನದ ಆರಂಭದ ಮತ್ತು ಕೊನೆಯ ಓಡೋಮೀಟರ್ ಅಂಕಿ, ದಿನಾಂಕ, ಕೆಲಸ ಯಾವುದು ಎಂಬುದನ್ನು ಅಂದಂದೇ ಬರೆದರೆ ಅದು ಪುರಾವೆ. ವರ್ಷದ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಬರೆದರೆ ಯಾರೂ ನಂಬುವುದಿಲ್ಲ. ಅಮೆರಿಕದಲ್ಲಿ 2025ರ ವರ್ಷಕ್ಕೆ ಮೈಲಿಗೆ 70 ಸೆಂಟ್‌ನಂತೆ ಕಳೆಯಲು ಅವಕಾಶವಿತ್ತು, ಹಾಗಾಗಿ ಬಿಟ್ಟುಹೋದ ಖಾಲಿ ಓಟ ಸಣ್ಣ ಮೊತ್ತವಲ್ಲ. ಫೋನ್ ಬಿಲ್ಲಿನಲ್ಲಿ ಕೆಲಸದ ಪಾಲನ್ನಷ್ಟೇ ತೋರಿಸಬೇಕು, ಮನೆಯವರೆಲ್ಲರ ರೀಚಾರ್ಜ್ ಅಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟು: ಈ ತೆರಿಗೆ ವರ್ಷದ ಆರಂಭದಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್‌ಗಳನ್ನೂ ಡಿಸೈನ್ ಕೆಲಸದ ಬಿಲ್ಲುಗಳನ್ನೂ ನನಗೆ ಕಳುಹಿಸು, ಭಾನುವಾರ ಕುಳಿತು ನೋಡೋಣ. ದಯವಿಟ್ಟು ಈ ಗುಂಪಿಗೆ ಹಾಕಬೇಡ, ಅದರಲ್ಲಿ ನಿನ್ನ ತೆರಿಗೆ ಸಂಖ್ಯೆಯೂ ಖಾತೆ ಸಂಖ್ಯೆಯೂ ಇರುತ್ತವೆ.