ಸಹಾಯ ಬೇಕು: ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಪಾರಿವಾಳಗಳು

ನಮಸ್ಕಾರ. ಪಾರಿವಾಳಗಳನ್ನು ಹಿಡಿಸಿ ದೂರ ಬಿಡಿಸಬೇಕೆಂದು ನಮ್ಮ ಸಮಿತಿ ಹಟ ಹಿಡಿದಿದೆ. ದುಡ್ಡು ದಂಡ! ಒಂದು ಜೋಡಿ ಒಮ್ಮೆಗೆ ಸಾಮಾನ್ಯವಾಗಿ 2 ಮೊಟ್ಟೆಯಿಡುತ್ತದೆ, ಸುಮಾರು 18 ದಿನಗಳಲ್ಲಿ ಮರಿ, ವರ್ಷಕ್ಕೆ ಹಲವು ಬಾರಿ. ಕಾಳು ಮತ್ತು ಗೂಡಿನ ಜಾಗ ಇರುವಷ್ಟು ಕಾಲ ತೆರವಾದ ಜಾಗ ತುಂಬುತ್ತಲೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳ ಕೊಂದರೂ ಸಂಖ್ಯೆ 20,000ದ ಆಸುಪಾಸಿನಲ್ಲೇ ಉಳಿಯಿತು. ಕಾಳು ಹಾಕಬೇಡಿ ಎಂದು ಜನರನ್ನು ಒಪ್ಪಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು.

ತೊಡಕು ನಮ್ಮ ತಾರಸಿಯಲ್ಲಿದೆ. ಹಿರಿಯರೊಬ್ಬರು ಪುಣ್ಯವೆಂದು ನಿತ್ಯ ಜೋಳ ಚೆಲ್ಲುತ್ತಾರೆ, ಗದರಿಸಲು ಮನಸ್ಸಿಲ್ಲ. ಮುಂಬೈ, ಠಾಣೆ ಕಡೆಯ ಕನ್ನಡಿಗರಲ್ಲಿ ಯಾರಾದರೂ ಇಂಥವರನ್ನು ಒಪ್ಪಿಸಿದ್ದೀರಾ? ಮರಾಠಿಯಲ್ಲಿ ನಯವಾದ ಸೂಚನಾ ಪತ್ರವಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಡಕ್ಟ್‌ಗೆ (ಕಟ್ಟಡದಲ್ಲಿ ಪೈಪುಗಳು ಇಳಿಯುವ ತೆರೆದ ಕಿಂಡಿ) ಬಲೆ ಹಾಕಿಸಿದವರು ಚದರಡಿ ದರವನ್ನೂ ತಿಳಿಸಿ.