'ಒಟ್ಟು ರೋಧ' ಅನ್ನೋದೋ, 'ಸಮಾನ ರೋಧ' ಅನ್ನೋದೋ?

ಕರೆಂಟಿಗೆ ಅಡ್ಡಿ ಒಡ್ಡುವ ರೋಧಕಗಳ (ರೆಸಿಸ್ಟರ್) ಜೋಡಣೆಯ ಲೆಕ್ಕದಲ್ಲಿ ಕೊನೆಗೆ ಬರುವ ಉತ್ತರಕ್ಕೆ ನೀವೆಲ್ಲ ಏನಂತೀರಿ? 'ಒಟ್ಟು ರೋಧ' ಅಂತಲೂ ಓದಿದ್ದೇನೆ, 'ಸಮಾನ ರೋಧ' ಅಂತಲೂ ಓದಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ಹತ್ತನೇ ಕ್ಲಾಸಿನ ಹುಡುಗರಿಗೆ ಟ್ಯೂಷನ್ ಹೇಳುತ್ತೇನೆ. ಎರಡೂ ಪದ ಅವರಿಗೆ ತೊಡಕಾಗುತ್ತಿವೆ.

ಲೆಕ್ಕ ಸಣ್ಣದು. 6 ಓಮ್, 3 ಓಮ್ ಸಮಾಂತರದಲ್ಲಿವೆ, ಅವುಗಳ ಮುಂದೆ ಸರಣಿಯಲ್ಲಿ ಒಂದು 4 ಓಮ್. ಒಟ್ಟು ರೋಧ ಎಷ್ಟು ಅಂದಿದ್ದೇ ತಡ, ಒಬ್ಬ 13 ಅಂತ ಬರೆದ. ತಪ್ಪು ಅಂದರೆ, 'ಸರ, ಒಟ್ಟು ಅಂದ್ರ ಕೂಡಿಸೂದಲ್ರೀ?' ಅಂತ ನನ್ನನ್ನೇ ಕೇಳಿದ. ಅವನು ಕೇಳಿದ್ದರಲ್ಲೂ ನ್ಯಾಯ ಇದೆ ಅಲ್ವಾ?

ಸರಣಿಯಲ್ಲಾದರೆ ಕೂಡಿಸುವುದು ಸರಿ, ಒಂದೇ ಕರೆಂಟು ಎಲ್ಲವನ್ನೂ ಒಂದಾದ ಮೇಲೊಂದು ದಾಟಬೇಕು. ಸಮಾಂತರದಲ್ಲಿ ಅದಕ್ಕೆ ಇನ್ನೊಂದು ದಾರಿ ಸಿಗುತ್ತದೆ, ಅಡ್ಡಿ ಕಡಿಮೆಯಾಗುತ್ತದೆ, ಹಾಗಾಗಿ ಅಲ್ಲಿ ಕೂಡಿಸಬೇಕಾದ್ದು ರೋಧವನ್ನಲ್ಲ, ಅದರ ವ್ಯುತ್ಕ್ರಮವನ್ನು. 1/6 + 1/3 = 1/2, ಅಂದರೆ 2 ಓಮ್. ಇದ್ದದ್ದರಲ್ಲೇ ಸಣ್ಣದಾದ 3ಕ್ಕಿಂತಲೂ ಕಡಿಮೆ! ಅದಕ್ಕೆ 4 ಸೇರಿಸಿದರೆ 6 ಓಮ್. 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ 2 ಆಂಪಿಯರ್ ಹರಿಯುತ್ತದೆ. ಮೂರನ್ನೂ ಕಿತ್ತು ಒಂದೇ 6 ಓಮ್ ಹಾಕಿದರೂ ಅಷ್ಟೇ ಹರಿಯುತ್ತದೆ.

ಹಾಗಂತ 'ಸಮಾನ ರೋಧ' ಅಂದರೆ ಇನ್ನೊಂದು ತಕರಾರು. 'ಸಮಾನ ರೋಧದ ಮೂರು ರೋಧಕಗಳು' ಅಂತ ಪ್ರಶ್ನೆಯಲ್ಲೇ ಇರುತ್ತದೆ, ಅಲ್ಲಿ ಅದರ ಅರ್ಥವೇ ಬೇರೆ. ಪಕ್ಕದಲ್ಲೇ 'ಸಮಾಂತರ' ಬೇರೆ ಕೂತಿರುತ್ತದೆ, ಅವಸರದಲ್ಲಿ ಓದುವ ಹುಡುಗರು ಎರಡನ್ನೂ ಕಲಸಿಬಿಡುತ್ತಾರೆ.

ನನಗೆ 'ಬದಲಿ ರೋಧ' ಹಿಡಿಸಿದೆ. ಎಲ್ಲವನ್ನೂ ತೆಗೆದು ಅದರ ಬದಲಿಗೆ ಹಾಕುವ ಒಂದೇ ರೋಧ, ಕೆಲಸ ಅದೇ ತಾನೇ? ಬದಲಿ ಡ್ರೈವರ್ ಅಂದಂಗೆ ಕೇಳುತ್ತೆ ಅಂತ ಗೆಳೆಯರೊಬ್ಬರು ನಕ್ಕರು. ಕೇಳಲಿ ಬಿಡಿ, ಅರ್ಥ ಆಗುತ್ತಲ್ಲ.

ಇನ್ನೊಂದು ಪ್ರಶ್ನೆ ಇದೆ. ಐದು ರೋಧಕಗಳ ವೀಟ್‌ಸ್ಟನ್ ಸೇತುವೆಯಲ್ಲಿ (ಎರಡು ಕವಲುಗಳಲ್ಲಿ ಎರಡೆರಡು, ಅವುಗಳ ನಡುಬಿಂದುಗಳನ್ನು ಸೇರಿಸುವ ಇನ್ನೊಂದು) ನಡುವಿನದು ಸರಣಿಯೂ ಅಲ್ಲ, ಸಮಾಂತರವೂ ಅಲ್ಲ. ಎರಡೂ ಬದಿಯ ಅನುಪಾತ ಒಂದೇ ಇದ್ದರೆ ಅದರಲ್ಲಿ ಕರೆಂಟೇ ಹರಿಯುವುದಿಲ್ಲ, ಸುಮ್ನೆ ತೆಗೆದುಹಾಕಬಹುದು. ಇಲ್ಲದಿದ್ದರೆ ಡೆಲ್ಟಾವನ್ನು (ತ್ರಿಕೋನದಂತೆ ಜೋಡಿಸಿದ ಮೂರು ರೋಧಕ) ಸ್ಟಾರ್ (ಮೂರೂ ಒಂದೇ ನಡುಬಿಂದುವಿನಲ್ಲಿ ಕೂಡುವ ಜೋಡಣೆ) ಮಾಡಿಕೊಳ್ಳಬೇಕು: 30 ಓಮ್‌ನ ಮೂರು ಡೆಲ್ಟಾದಲ್ಲಿದ್ದರೆ ಸ್ಟಾರ್‌ನಲ್ಲಿ ತಲಾ 10 ಓಮ್. ಇದಕ್ಕೆ 'ತ್ರಿಕೋನ-ನಕ್ಷತ್ರ ಪರಿವರ್ತನೆ' ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ನಮ್ಮ ಕಡೆ ಕಬ್ಬಿನ ಹೊಲದವರು ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೆ 'ಸ್ಟಾರ್-ಡೆಲ್ಟಾ' ಅಂತಲೇ ಅನ್ನುತ್ತಾರೆ, ಮೋಟಾರು ಸ್ಟಾರ್‌ನಲ್ಲಿ ಶುರುವಾದರೆ ಲೈನಿನಿಂದ ಎಳೆಯುವ ಕರೆಂಟು ಡೆಲ್ಟಾದಲ್ಲಿ ಶುರುವಾದರೆ ಎಳೆಯುವುದರ ಮೂರನೇ ಒಂದು ಪಾಲು ಅನ್ನುವುದಕ್ಕೂ ಇದೇ ಮೂರರ ಲೆಕ್ಕವೇ ಕಾರಣ.

ಪಾಲಿಟೆಕ್ನಿಕ್ ಇಲ್ಲವೇ ಐಟಿಐನಲ್ಲಿ ಕನ್ನಡದಲ್ಲೇ ಪಾಠ ಹೇಳುವವರು ಇದ್ದರೆ, ಬೋರ್ಡಿನ ಮೇಲೆ ಏನು ಬರೆಯುತ್ತೀರಿ ಅಂತ ತಿಳಿಸಿ. 'ಬದಲಿ ರೋಧ' ಈಗಾಗಲೇ ಯಾರಾದರೂ ಬಳಸುತ್ತಿದ್ದೀರಾ?