25 ಎಂಎಂ ಪೈಪ್ ಒಂದೇ, ಎ.ಸಿ. ಮೂರು: ವೈರ್ ಬೆಂಡ್‌ನಲ್ಲಿ ಸಿಕ್ಕಿಕೊಂಡಿದೆ

ಕಲಬುರಗಿ_ಹೊಸಮನೆ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮೇಲಿನ ಮೂರು ಕೋಣೆಗೂ ಒಂದೂವರೆ ಟನ್ ಸ್ಪ್ಲಿಟ್ ಎ.ಸಿ. ಬರಬೇಕು. ಕೆಳಗಿನ ಡಿಬಿಯಿಂದ (ಕರೆಂಟ್ ಹಂಚುವ ಪೆಟ್ಟಿಗೆ) ಮೇಲಿನ ಜಂಕ್ಷನ್ ಬಾಕ್ಸ್‌ವರೆಗೆ 25 ಎಂಎಂ ಪಿವಿಸಿ ಪೈಪ್ ಒಂದೇ ಇದೆ. ಸ್ಲ್ಯಾಬ್ ಹಾಕಿ ಆಗಿದೆ. ಬಾಕ್ಸ್‌ನಿಂದ ಕೋಣೆಗಳಿಗೆ 20 ಎಂಎಂ ಪೈಪ್ ಬೇರೆ ಬೇರೆ ಇವೆ.

4 ಸ್ಕ್ವೇರ್ ಎಂಎಂ ವೈರ್ ಒಟ್ಟು ಒಂಬತ್ತು ಎಳೆಯಬೇಕು: ಪ್ರತಿ ಎ.ಸಿ.ಗೆ ಫೇಸ್ (ಕರೆಂಟ್ ತರುವುದು), ನ್ಯೂಟ್ರಲ್ (ವಾಪಸ್ ಒಯ್ಯುವುದು), ಅರ್ಥ್ ಅಂತ ಮೂರು. ಆರು ಹೇಗೋ ಹೋದವು. ಉಳಿದ ಮೂರು ಎರಡನೇ ಬೆಂಡ್‌ನಲ್ಲಿ ನಿಂತುಬಿಟ್ಟವು. ಸೋಪು ಹಚ್ಚಿ ಜಗ್ಗಿದರೂ ಬರಲಿಲ್ಲ. ವಾಪಸ್ ತೆಗೆದಾಗ ಒಂದು ವೈರಿನ ಸಿಪ್ಪೆ ಕಿತ್ತು ತಾಮ್ರ ಕಾಣುತ್ತಿತ್ತು. ಈಗ ವೈರ್‌ಮನ್ "ಮೂರಕ್ಕೂ ನ್ಯೂಟ್ರಲ್ ಒಂದೇ ಸಾಕು, ವೈಫೈ ಕೇಬಲ್ ಕೂಡ ಅದರಲ್ಲೇ ಬರುತ್ತದೆ" ಅನ್ನುತ್ತಿದ್ದಾರೆ. ಮಾಡಬಹುದಾ? ಮನೆಗೆ ತ್ರೀ ಫೇಸ್ ಇದೆ.

ಧಾರವಾಡ_ವೈರಿಂಗ್:
ಮೊದಲು ಜಗ್ಗುವುದನ್ನು ನಿಲ್ಲಿಸಿ ಸರ್. ಒಂದು ವೈರ್ ಹೊರಬಂದದ್ದಕ್ಕೆ ಗಾಯ ಕಂಡಿತು. ಒಳಗೇ ಉಳಿದ ಆರಕ್ಕೆ ಏನಾಗಿದೆಯೋ ಕಾಣುವುದಿಲ್ಲ.

ನ್ಯೂಟ್ರಲ್ ಹಂಚಿಕೊಳ್ಳುವುದು ಬೇಡವೇ ಬೇಡ. ಮೂರು ಎ.ಸಿ.ಯೂ ಒಂದೇ ಫೇಸ್‌ನಲ್ಲಿದ್ದರೆ ಮೂರರ ಕರೆಂಟೂ ಆ ಒಂದು ವೈರಿನಲ್ಲೇ ವಾಪಸ್ ಬರುತ್ತದೆ. ಫೇಸ್‌ಗೆ ತಲಾ 20 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೂ ನ್ಯೂಟ್ರಲ್ ಕಾಪಾಡುವವರು ಯಾರೂ ಇಲ್ಲ, ಅದು ಬಿಸಿಯಾದರೂ ಎಂಸಿಬಿಗೆ ಗೊತ್ತಾಗುವುದಿಲ್ಲ. ಬೇರೆ ಬೇರೆ ಫೇಸ್‌ಗೆ ಕೊಟ್ಟರೆ ಇನ್ನೂ ಅಪಾಯ. ಆ ಜಂಟಿ ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ 230 ವೋಲ್ಟ್ ಬೇಕಾದ ಎ.ಸಿ. ಮೇಲೆ 400 ವೋಲ್ಟ್ ಹತ್ತಿರ ಬೀಳಬಹುದು. ಎ.ಸಿ. ಒಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗುತ್ತದೆ. ಅರ್ಥ್ ವೈರ್ ಮಾತ್ರ ಒಂದೇ ಪೈಪಿನ ಸರ್ಕ್ಯೂಟ್‌ಗಳಿಗೆ ಒಂದೇ ಇರಬಹುದು.

ಜಾಗದ ಲೆಕ್ಕ ನೋಡಿ. 25 ಎಂಎಂ ಅಂದರೆ ಹೊರಗಿನ ಅಳತೆ, ಒಳಗೆ ಸುಮಾರು 21 ಎಂಎಂ ಸಿಗುತ್ತದೆ. ಸಿಪ್ಪೆ ಸೇರಿ 4 ಸ್ಕ್ವೇರ್ ವೈರ್ ಸುಮಾರು 4 ಎಂಎಂ ದಪ್ಪ. ಒಂಬತ್ತು ಸೇರಿದರೆ ಪೈಪಿನ ಮೂರನೇ ಒಂದು ಭಾಗ. ಪೈಪಿನಲ್ಲಿ ವೈರ್ ತುಂಬಲು ಇರುವ ಶೇ. 40ರ ಮಿತಿಯೊಳಗೇ ಇದೆ, ಅಲ್ವಾ? ಆದರೆ ಕಾಗದದ ಮೇಲೆ ಬೆಂಡ್ ಇರುವುದಿಲ್ಲ. ತಿರುವು ಜಾಸ್ತಿ ಇರುವ ಪೈಪಿನಲ್ಲಿ ನಾನು ಆರಕ್ಕೇ ನಿಲ್ಲಿಸುತ್ತೇನೆ.

ಜಾಗಕ್ಕಿಂತ ನನಗೆ ಚಿಂತೆ ಬಿಸಿಯದು. 4 ಸ್ಕ್ವೇರ್ ಪಿವಿಸಿ ವೈರ್ ಗೋಡೆಯ ಪೈಪಿನಲ್ಲಿ ಒಂಟಿ ಸರ್ಕ್ಯೂಟ್ ಆಗಿ, 30 ಡಿಗ್ರಿಯಲ್ಲಿ 32 ಆಂಪ್ ತಡೆಯುತ್ತದೆ. ನಿಮ್ಮೂರಿನ ಬೇಸಿಗೆಗೆ 45 ಡಿಗ್ರಿ ಹಿಡಿಯಿರಿ, 0.79ರಿಂದ ಗುಣಿಸಬೇಕು. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ಇದ್ದರೆ 0.8, ಮೂರಿದ್ದರೆ 0.7. ಮೂರಕ್ಕೆ ಲೆಕ್ಕ ಹಾಕಿದರೆ ಸುಮಾರು 17.7 ಆಂಪ್ ಬಂತು. 20 ಆಂಪ್ ಎಂಸಿಬಿ ಅದನ್ನು ಕಾಪಾಡುವುದಿಲ್ಲ.

ಮೈಸೂರು_ಹವ್ಯಾಸಿ:
ಒಂದೂವರೆ ಟನ್ ಎ.ಸಿ. ಎಳೆಯುವುದೇ 7-8 ಆಂಪ್. 16 ಆಂಪ್ ಎಂಸಿಬಿ ಹಾಕಿದರೆ ಆಯ್ತಲ್ಲ?

ಧಾರವಾಡ_ವೈರಿಂಗ್:
ಬಿಸಿಯ ಲೆಕ್ಕಕ್ಕೆ ನಿಮ್ಮ ಮಾತು ಸರಿ, 16 ಆಂಪ್ ಸಿ-ಕರ್ವ್ ಎಂಸಿಬಿ (ಸ್ಟಾರ್ಟ್ ಆಗುವಾಗಿನ ಕ್ಷಣಿಕ ಹೆಚ್ಚು ಕರೆಂಟ್ ತಡೆದುಕೊಳ್ಳುವಂಥದು) ಸಾಕು. ಆದರೆ ವೈರ್ ಬೆಂಡ್ ದಾಟಬೇಕಲ್ಲ.

ನನ್ನ ಸಲಹೆ ಇಷ್ಟು. ಆ ಆರನ್ನೂ ಹೊರಗೆ ತೆಗೆಯಿರಿ. ಅದೇ ಪೈಪಿನಲ್ಲಿ 10 ಸ್ಕ್ವೇರ್ ವೈರ್ ಮೂರೇ ಮೂರು ಎಳೆಯಿರಿ: ಫೇಸ್, ನ್ಯೂಟ್ರಲ್, ಅರ್ಥ್. ಪೈಪ್ ಕಾಲು ಭಾಗ ಮಾತ್ರ ತುಂಬುತ್ತದೆ. ಕೆಳಗೆ 40 ಆಂಪ್ ಎಂಸಿಬಿ, ಮೇಲೆ ಜಂಕ್ಷನ್ ಬಾಕ್ಸ್ ಜಾಗದಲ್ಲಿ ಸಣ್ಣ ಡಿಬಿ, ಅದರಲ್ಲಿ ಪ್ರತಿ ಎ.ಸಿ.ಗೆ ಒಂದು 16 ಆಂಪ್. ಈ ವೈರ್ 45 ಡಿಗ್ರಿಯಲ್ಲೂ ಸುಮಾರು 45 ಆಂಪ್ ತಡೆಯುತ್ತದೆ, ಮೂರು ಎ.ಸಿ. ಸೇರಿ 24 ಆಂಪ್ ಆಸುಪಾಸು. ಗೀಸರ್, ಮೋಟಾರ್ ಉಳಿದ ಎರಡು ಫೇಸ್‌ಗೆ ಹಂಚಿಬಿಡಿ. ಎಳೆಯುವಾಗ ಸೋಪು ಬೇಡ, ಟಾಲ್ಕಂ ಪೌಡರ್ ಹಾಕಿ. ಒಬ್ಬರು ಕೆಳಗಿನಿಂದ ತಳ್ಳಲಿ, ಇನ್ನೊಬ್ಬರು ಮೇಲಿಂದ ಎಳೆಯಲಿ.

ವೈಫೈ ಕೇಬಲ್‌ಗೆ ಬೇರೆಯೇ ಪೈಪ್.

ಕಲಬುರಗಿ_ಹೊಸಮನೆ:
ತುಂಬಾ ಉಪಕಾರ ಆಯ್ತು ಸರ್. 10 ಸ್ಕ್ವೇರ್ ವೈರ್ ಸಲೀಸಾಗಿ ಬಂತು. ಹೊರಗೆ ತೆಗೆದ 4 ಸ್ಕ್ವೇರ್ ವೈರ್‌ಗಳಲ್ಲಿ ಇನ್ನೂ ಎರಡಕ್ಕೆ ಗೀರು ಬಿದ್ದಿತ್ತು. ಚೆನ್ನಾಗಿರುವುದನ್ನು ಡಿಬಿಯಿಂದ ಕೋಣೆಗೆ ಬಳಸಬಹುದಾ? ಒಳಗಿನ ಯುನಿಟ್‌ನಿಂದ ಹೊರಗಿನ ಯುನಿಟ್‌ಗೆ ಹೋಗುವ ಕೇಬಲ್ ಎಲ್ಲಿ ಬರಬೇಕು?

ಧಾರವಾಡ_ವೈರಿಂಗ್:
ಬಳಸಿ. ಗೀರು ಬಿದ್ದ ತುಂಡು ಕತ್ತರಿಸಿ ಬಿಸಾಡಿ, ಟೇಪ್ ಸುತ್ತಿ ಪೈಪಿಗೆ ತಳ್ಳಬೇಡಿ. ಎಳೆದಾದ ಮೇಲೆ, ಎ.ಸಿ. ಜೋಡಿಸುವ ಮೊದಲು, 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆ ಗಟ್ಟಿಯಿದೆಯೇ ಎಂದು ಅಳೆಯುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ವೈರ್ ಬೇಡ.

ಯುನಿಟ್‌ಗಳ ನಡುವಿನ ಕೇಬಲ್ ತಾಮ್ರದ ಪೈಪಿನ ಜೊತೆಗೇ ಹೋಗಲಿ. ಇನ್ವರ್ಟರ್ ಎ.ಸಿ.ಯಲ್ಲಿ ಸಿಗ್ನಲ್ ಕೂಡ ಅದರಲ್ಲೇ ಹೋಗುತ್ತದೆ, ಬೇರೆ ಪವರ್ ವೈರ್ ಜೊತೆ ಸೇರಿಸಬೇಡಿ. ಗೋಡೆಯ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಬಾಯಿಗೆ ಸೀಲೆಂಟ್ ಹಾಕಿಸಿ. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡು ಒಳಗಿನ ಸಾಕೆಟ್‌ವರೆಗೂ ಬರುತ್ತದೆ.